ಎಣಿಕೆಗೆ ಸಿಗದ ಮೂರು ಕಾಯಿ

ಅವರ್ಸಾದಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲ ಅಪವಾದ ಬಳಚಿಗೆ. ಮಲದಲ್ಲಿ ರಕ್ತ ಕಂಡರಂತೂ ಕೇಳುವುದೇ ಬೇಡ. "ಬಳಚು ತಿಂದಿದ್ದೆ, ಉಷ್ಣ ಆಯ್ತು" ಅನ್ನುತ್ತಾರೆ, ಎರಡು ಲೋಟ ಮುರುಗಲ ಪಾನಕ ಕುಡಿಯುತ್ತಾರೆ, ಮುಂದಿನ ವಾರ ಮತ್ತೆ ಬಳಚು ತರುತ್ತಾರೆ. ಹೊಳೆಯ ಮರಳಿನಲ್ಲಿ ಚಿಪ್ಪು ಮುಚ್ಚಿಕೊಂಡು ತನ್ನ ಪಾಡಿಗೆ ತಾನಿದ್ದ ಬಡಪಾಯಿ ಜೀವ, ಊರಿನವರ ಹೊಟ್ಟೆಯ ತಪ್ಪನ್ನೆಲ್ಲ ಹೊತ್ತುಕೊಂಡು ಬೇಯುತ್ತದೆ.

ರಂಜನಾಳೂ ಹಾಗೇ ಅಂದುಕೊಂಡಿದ್ದಳು. ವಯಸ್ಸು ನಲವತ್ತೊಂದು. ಗಂಡ ದೇವಾನಂದ ಕೈಗಾದಲ್ಲಿ ನೌಕರ. ಮಕ್ಕಳಾಗಿರಲಿಲ್ಲ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಎರಡು ಗದ್ದೆ, ಹದಿನೆಂಟು ತೆಂಗಿನಮರ, ಅಂಗಳದ ಮೂಲೆಯಲ್ಲೊಂದು ಕರಿ ಈಶಾಡ ಮಾವು, ಎಲ್ಲದರ ಯಜಮಾನಿಕೆ ಅವಳದೇ. ಕೊಯ್ಲಿನ ಆಳುಗಳು ಅವಳ ದನಿ ಕೇಳಿದರೆ ಬೀಡಿ ಆರಿಸುತ್ತಿದ್ದರು. ಅಂಥವಳು ಎರಡು ತಿಂಗಳಿಂದ ರಕ್ತ ಬೀಳುವುದನ್ನು ಗಂಡನಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದಳು. ಹೇಳಿಕೊಳ್ಳುವ ಜಾಗದ ಕಾಯಿಲೆಯೇ ಅದು?

ಅದನ್ನು ಮೊದಲು ಹಿಡಿದವಳು ಹೀರಾ. ಅವಳು ಊರಿನ ಆಶಾ ಕಾರ್ಯಕರ್ತೆ. ಸ್ವಸಹಾಯ ಸಂಘದ ಸಭೆ ನಡೆಯುವುದೂ ಅವಳ ಮನೆಯ ಜಗುಲಿಯಲ್ಲೇ. ಆ ದಿನ ಸಭೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಅವಳು ರಂಜನಾಳ ಕೈ ಹಿಡಿದು ಕೂರಿಸಿದಳು.

"ಎಂತದೇ ರಂಜನಾ, ಒಂದು ತಾಸಿನಲ್ಲಿ ಮೂರು ಸಲ ಎದ್ದು ಹೋದೆ? ಮುಖ ನೋಡು, ಸುಣ್ಣ ಬಳಿದ ಹಂಗೆ ಆಗಿದೆ."

"ಎಂತದೂ ಇಲ್ಲ ಮಾರಾಯ್ತಿ. ಬಳಚು ತಿಂದಿದ್ದೆ. ಉಷ್ಣ. ಸ್ವಲ್ಪ ರಕ್ತ ಬೀಳ್ತದೆ, ಅಷ್ಟೇ."

"ಯಾವಾಗ ತಿಂದದ್ದು?"

"ಚೌತಿ ಮುಗಿದ ಮೇಲೆ."

"ಚೌತಿ ಹೋಯ್ತು, ದಸರಾ ಹೋಯ್ತು, ತುಳಸಿ ಲಗ್ನ ಬಂತು. ನಿನ್ನ ಬಳಚು ಹೊಟ್ಟೆಲಿ ಬಿಡಾರ ಹಾಕಿ ಕೂತಿದೆಯಾ?"

ರಂಜನಾಳಿಗೆ ನಗು ಬಂತು. ಆದರೆ ಹೀರಾ ನಗಲಿಲ್ಲ. ತವರಿನಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ ಎಂದು ಕೇಳಿದಳು.

"ಇತ್ತು. ಅಪ್ಪ ನಲವತ್ತಾರಕ್ಕೆ ಹೋದ. ಚಿಕ್ಕಪ್ಪ ನಲವತ್ನಾಲ್ಕಕ್ಕೆ. ಆದ್ರೆ ಅದು ಗಂಡಸರ ದೋಷ ಹೀರಾ. ಮೂಲಪುರುಷನ ಸಿಟ್ಟು. ಹೆಣ್ಮಕ್ಕಳಿಗೆ ತಾಗೂದಿಲ್ಲ."

"ತಾಗೂದಿಲ್ಲ ಅಂತ ನಿಂಗೆ ಯಾರು ಬರೆದುಕೊಟ್ರು?" ಎಂದಳು ಹೀರಾ. "ನಾಳೆ ಬೆಳಿಗ್ಗೆ ಕಾರವಾರಕ್ಕೆ. ನಾನೂ ಬರ್ತೆ. ಇಲ್ಲ ಅಂದ್ರೆ ಸಂಜೆ ಬಸ್ಸಿಳಿಯೂ ಹೊತ್ತಿಗೆ ನಿನ್ನ ಗಂಡನ್ನೇ ರಸ್ತೆಲಿ ನಿಲ್ಲಿಸಿ ಹೇಳ್ತೆ."

ರಸ್ತೆಯಲ್ಲಿ ಹೇಳಿಸಿಕೊಳ್ಳುವುದಕ್ಕಿಂತ ಆಸ್ಪತ್ರೆಯೇ ವಾಸಿ ಎಂದು ರಂಜನಾ ಹೊರಟಳು.

ಕಾರವಾರದ ಆಸ್ಪತ್ರೆಯಲ್ಲಿ ವೈದ್ಯೆ ಪರೀಕ್ಷೆ ಮಾಡಿ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು ಅಂದರು. ಕೊಲೊನೋಸ್ಕೋಪಿ ಎಂದು ಅದರ ಹೆಸರು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದು ರಂಜನಾ ಓಡಾಡಿದ್ದೇ ಓಡಾಡಿದ್ದು. ಆಮೇಲೆ ಸಂಘದ ಹೆಂಗಸರಿಗೆಲ್ಲ ಅವಳೇ ಹೇಳುತ್ತಿದ್ದಳು: "ಆ ಔಷಧಿ ಕುಡಿಯೂದೇ ಕಷ್ಟ. ಕ್ಯಾಮೆರಾ ಹೋದದ್ದು ಬಂದದ್ದು ಗೊತ್ತೇ ಆಗ್ಲಿಲ್ಲ. ನಿದ್ದೆ ಬರಿಸ್ತಾರೆ." ಅವಳ ಕರುಳಿನಲ್ಲಿ ಎರಡು ಸಣ್ಣ ಗಂಟುಗಳಿದ್ದವು. ಪಕ್ಕದಲ್ಲೇ ಇನ್ನೊಂದು ದೊಡ್ಡದಿತ್ತು. ಅದು ಆಗಲೇ ಕ್ಯಾನ್ಸರ್ ಆಗಿತ್ತು.

ಆ ಮಾತು ಕೇಳಿದಾಗ ರಂಜನಾ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಸಾಯುವವರ ಸಾಲಿನಲ್ಲಿ ತನ್ನನ್ನು ನಿಲ್ಲಿಸಲು ಇವರ್ಯಾರು ಅನ್ನುವ ಸಿಟ್ಟು.

"ಈಗಲೇ ಬಂದಿರಿ, ಒಳ್ಳೇದಾಯ್ತು," ಎಂದರು ವೈದ್ಯೆ. "ಕರುಳಿನ ಗೋಡೆ ದಾಟಿಲ್ಲ. ಆಪರೇಷನ್ ಮಾಡಿ ತೆಗೆಯಬಹುದು. ಆದರೆ ನಿಮ್ಮ ವಯಸ್ಸು ಕಡಿಮೆ. ಅದಕ್ಕೇ ಕೇಳ್ತೇನೆ, ನಿಮ್ಮ ತವರು ಮನೆಯಲ್ಲಿ ಎಷ್ಟು ಜನ? ಯಾರ‍್ಯಾರಿಗೆ ಕ್ಯಾನ್ಸರ್ ಬಂದಿತ್ತು?"

"ಆರು ಜನ. ಇಬ್ಬರು ಹೋದ್ರು," ಎಂದಳು ರಂಜನಾ ತಟ್ಟನೆ.

ಈ ಆರರ ಲೆಕ್ಕ ಅವಳಿಗೆ ಬಾಯಿಪಾಠ. ಅವಳ ತವರು ಕದ್ರಾ. ಮನೆಯ ಹಿಂದೆ ಮೂಲಪುರುಷನ ಕಲ್ಲಿದೆ. ಪ್ರತಿ ವರ್ಷ ಮಾಘ ಹುಣ್ಣಿಮೆಗೆ ಮನೆಯ ಒಬ್ಬೊಬ್ಬ ಗಂಡಿಗೆ ಒಂದೊಂದು ತೆಂಗಿನಕಾಯಿಯನ್ನು ಅಲ್ಲಿ ಸಾಲಾಗಿ ಇಡುತ್ತಾರೆ. ಅಪ್ಪ, ಚಿಕ್ಕಪ್ಪ, ಅಣ್ಣ ರಾಮನಾಥ, ಅಣ್ಣನ ಮಗ, ಚಿಕ್ಕಪ್ಪನ ಇಬ್ಬರು ಮಕ್ಕಳು, ಹೋದವರು ಇದ್ದವರು ಸೇರಿ ಆರು. ಈಗ ಇಡುವುದು ಇದ್ದವರ ನಾಲ್ಕು. ಮನೆಯಲ್ಲಿ ಎಷ್ಟು ಜನ ಎಂದು ಯಾರು ಕೇಳಿದರೂ ಆ ಮನೆಯವರು ಎಣಿಸುವುದು ಕಾಯಿಗಳನ್ನೇ. ಹೆಣ್ಣುಮಕ್ಕಳು ಆ ದಿನ ನೀರು ಹೊರುತ್ತಾರೆ, ಅಡಿಗೆ ಮಾಡುತ್ತಾರೆ, ಕಾಯಿ ಸುಲಿದುಕೊಡುತ್ತಾರೆ. ಅವರ ಹೆಸರಿನ ಕಾಯಿ ಇಲ್ಲ.

ಹೀರಾ ಪಕ್ಕದಲ್ಲೇ ಕೂತಿದ್ದಳು. "ಅಯ್ಯೋ ಮಾರಾಯ್ತಿ, ಕಾಯಿ ಎಣಿಸಬೇಡ, ಜನ ಎಣಿಸು. ಆರರಲ್ಲಿ ನೀ ಎಲ್ಲಿದ್ದೆ?"

ರಂಜನಾ ಬೆರಳು ಮಡಿಸಿ ಮತ್ತೆ ಎಣಿಸಿದಳು. ಇಷ್ಟು ವರ್ಷ ಎಣಿಸಿದ್ದರಲ್ಲಿ ತಾನೇ ಇರಲಿಲ್ಲ.

"ನಾನು... ನಾ ಕೊಟ್ಟ ಹೆಣ್ಣಲ್ವಾ. ಕದ್ರಾದಲ್ಲಿ ನನ್ನ ಹೆಸರು ಬೊಮ್ಮಿ. ಮದುವೇಲಿ ಅಕ್ಕಿ ಹರಿವಾಣದಲ್ಲಿ ಉಂಗುರದಿಂದ ರಂಜನಾ ಅಂತ ಬರೆದ್ರು. ಅಲ್ಲಿಗೆ ಆ ಮನೆ ಲೆಕ್ಕ ಮುಗೀತು."

"ಹೀಗೆ ಲೆಕ್ಕ ಮುಗಿದವರು ಇನ್ನೂ ಯಾರಾದ್ರೂ ಇದ್ದಾರಾ?" ವೈದ್ಯೆ ಕೇಳಿದರು.

"ಅಣ್ಣನ ಮಗಳು ಪ್ರಣಿತಾ ಇದ್ದಾಳೆ. ಇಪ್ಪತ್ಮೂರು ವರ್ಷ. ಮತ್ತೆ... ಅಪ್ಪನ ತಂಗಿ ದೇವಿ ಅತ್ತೆ ಇದ್ದಳು. ಅಂಕೋಲಕ್ಕೆ ಕೊಟ್ಟದ್ದು. ಅಲ್ಲಿ ಭಾರತಿ ಅಂತ ಹೆಸರಿಟ್ರು. ನಲವತ್ತೇಳಕ್ಕೆ ತೀರಿಕೊಂಡ್ಲು. ಅದು ಬೇರೆ ಬಿಡಿ, ಗರ್ಭಕೋಶದ ಕ್ಯಾನ್ಸರ್."

ವೈದ್ಯೆ ಪೆನ್ನು ಕೆಳಗಿಟ್ಟರು. "ಬೇರೆ ಅಲ್ಲ ಅಂತ ಕಾಣ್ತದೆ. ಎರಡರ ಬೇರು ಒಂದೇ ಇರಬಹುದು."

ಅವರು ಸಾವಧಾನವಾಗಿ ತಿಳಿಸಿ ಹೇಳಿದರು. ನಮ್ಮ ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಹೊಸ ಕಣ ಹುಟ್ಟುವಾಗಲೆಲ್ಲ ಹಳೆಯ ಕಣದೊಳಗಿನ ಬರಹದ ನಕಲು ಆಗುತ್ತದೆ. ಆ ಬರಹವೇ ಜೀನ್, ವಂಶವಾಹಿ. ನಕಲು ಮಾಡುವಾಗ ತಪ್ಪಾಗುವುದು ಸಹಜ, ಎಲ್ಲರಿಗೂ ಆಗುತ್ತದೆ. ಆ ತಪ್ಪನ್ನು ತಿದ್ದುವ ಜೀನ್‌ಗಳೂ ನಮ್ಮೊಳಗೇ ಇವೆ. ಕೆಲವು ಮನೆತನಗಳಲ್ಲಿ ತಿದ್ದುವ ಜೀನೇ ಹುಟ್ಟಿನಿಂದ ಕೆಟ್ಟಿರುತ್ತದೆ. ಆಗ ತಪ್ಪಿನ ಮೇಲೆ ತಪ್ಪು ಸೇರಿ ಕರುಳಲ್ಲಿ ಗಂಟು ಏಳುತ್ತದೆ, ಗಂಟು ಕ್ಯಾನ್ಸರಿಗೆ ತಿರುಗಬಹುದು. ಹೆಂಗಸರಲ್ಲಿ ಗರ್ಭಕೋಶಕ್ಕೂ ಬರಬಹುದು.

"ಅಪ್ಪನಿಂದ ಬರೂದಾ, ಅಮ್ಮನಿಂದ ಬರೂದಾ?" ರಂಜನಾ ಕೇಳಿದಳು.

"ಯಾರಿಂದಲೂ ಬರಬಹುದು. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಬಂದ ಮಾತ್ರಕ್ಕೆ ಕ್ಯಾನ್ಸರ್ ಆಗಿಯೇ ಆಗ್ತದೆ ಅಂತ ಇಲ್ಲ. ಆದರೆ ಗೊತ್ತಿದ್ದರೆ ಕಾವಲು ಕೂರಬಹುದು. ಗಂಟನ್ನು ಗಂಟಾಗಿದ್ದಾಗಲೇ ಕಿತ್ತುಬಿಡಬಹುದು."

ಆಪರೇಷನ್ ಆಯಿತು. ತೆಗೆದ ಗಂಟನ್ನು ಪರೀಕ್ಷಿಸಿದರು, ಒಪ್ಪಿಗೆ ಪಡೆದು ರಕ್ತವನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಿದರು. ಕೆಲವು ವಾರಗಳ ಮೇಲೆ ಉತ್ತರ ಬಂತು. ತಿದ್ದುವ ಜೀನ್ ಒಂದರಲ್ಲಿ ಹುಟ್ಟಿನಿಂದ ಬಂದ ಬದಲಾವಣೆ ಇತ್ತು. ಅಣ್ಣನಿಗೆ ಕೂಡಲೇ ಪರೀಕ್ಷೆ ಆಗಬೇಕು ಅಂದರು ವೈದ್ಯೆ. ಅವನಿಗೆ ಇದ್ದರೆ ಅವನ ಮಕ್ಕಳಿಗೂ ಆಗಬೇಕು. ಚಿಕ್ಕಪ್ಪನ ಮಕ್ಕಳಿಗೂ ಆಗಬೇಕು.

ರಂಜನಾ ಆಸ್ಪತ್ರೆಯ ಮೆಟ್ಟಿಲಿನಲ್ಲೇ ಕೂತು ಅಣ್ಣನಿಗೆ ಫೋನು ಹಚ್ಚಿದಳು. ರಾಮನಾಥನಿಗೆ ನಲವತ್ತೊಂಬತ್ತು, ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ತಂಗಿ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದು ಹೋಗಿದ್ದ, ಎಳನೀರು ತಂದಿದ್ದ, ಕಣ್ಣೊರೆಸಿಕೊಂಡಿದ್ದ. ಜೀನ್ ಎಂದ ಕೂಡಲೇ ಅವನ ದನಿ ಬದಲಾಯಿತು.

"ಬೊಮ್ಮಿ, ಪ್ರಣಿತಾಳ ಲಗ್ನಕ್ಕೆ ಒಳ್ಳೆ ಸೋಯರಿಕೆ ಬಂದಿದೆ. ಈಗ ಈ ಸುದ್ದಿ ಬಾಯಲ್ಲಿ ತರಬೇಡ. ನಿಂದು ನಿನ್ನ ಮನೆ ಕಾಯಿಲೆ. ನಮ್ಮ ಮನೆಗೆ ಹಚ್ಚಬೇಡ." ಫೋನು ಇಟ್ಟುಬಿಟ್ಟ.

ರಂಜನಾ ಮತ್ತೆ ಮಾಡಿದಳು. ಎತ್ತಲಿಲ್ಲ. ಹತ್ತು ದಿನ ಎತ್ತಲಿಲ್ಲ. ಅಪ್ಪ ಹೋದಾಗ ಅವಳಿಗೆ ಹದಿಮೂರು ವರ್ಷ. ಶಾಲೆಗೆ ಕೈ ಹಿಡಿದು ಕರೆದೊಯ್ದವನು ಈ ಅಣ್ಣ, ಜಡೆ ಹೆಣೆಯಲೂ ಕಲಿತವನು ಈ ಅಣ್ಣ. ಅವನೂ ಅಪ್ಪನ ಹಾಗೆ ಚಾಪೆ ಹಿಡಿಯುವುದನ್ನು ನೋಡಿಕೊಂಡು ಕೂರುವುದು ಅವಳಿಂದ ಆಗದ ಮಾತು. ಸೋಯರಿಕೆ ಮುರಿದರೆ ಮುರಿಯಲಿ, ತವರು ಮುರಿದರೂ ಮುರಿಯಲಿ, ಅಣ್ಣ ಬದುಕಬೇಕು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

ಮಾಘ ಹುಣ್ಣಿಮೆ ಬಂತು. ರಂಜನಾ ತನ್ನ ಮರದ್ದೇ ಮೂರು ತೆಂಗಿನಕಾಯಿ ಸುಲಿದು ಚೀಲಕ್ಕೆ ಹಾಕಿಕೊಂಡಳು. "ಹೊಲಿಗೆ ಬಿಚ್ಚಿ ಎಷ್ಟು ದಿನ ಆಯ್ತು, ಭಾರ ಹೊರಬೇಡ ಅಂದಿದ್ದಾರೆ," ಎಂದ ದೇವಾನಂದ. "ಹಂಗಾರೆ ನೀವೇ ಹೊರಿ," ಎಂದಳು. ಅವನು ಆ ದಿನ ರಜೆ ಹಾಕಿ ಚೀಲ ಹೊತ್ತು ಹಿಂದೆ ನಡೆದ.

ಕದ್ರಾದ ಮನೆಯ ಹಿಂದೆ ನಾಲ್ಕು ಕಾಯಿ ಸಾಲಾಗಿ ಕೂತಿದ್ದವು. ರಾಮನಾಥ ಮಡಿ ಉಟ್ಟು ನಿಂತಿದ್ದ. ಚಿಕ್ಕಪ್ಪನ ಮಕ್ಕಳು ಕೈಮುಗಿದಿದ್ದರು. ರಂಜನಾ ಯಾರನ್ನೂ ಕೇಳಲಿಲ್ಲ. ಕಲ್ಲಿಗೆ ನಮಸ್ಕಾರ ಮಾಡಿ ಸಾಲಿನ ತುದಿಯಲ್ಲಿ ಒಂದೊಂದಾಗಿ ಕಾಯಿ ಇಟ್ಟಳು.

"ಇದು ದೇವಿ ಅತ್ತೆದು, ಬದುಕಿದ್ದಾಗ ನಾವು ಇಡದೇ ಬಿಟ್ಟದ್ದು. ಇದು ನಂದು. ಇದು ಪ್ರಣಿತಾಂದು."

"ಬೊಮ್ಮಿ! ಎಂತ ಮಾಡ್ತಿದ್ದೆ? ಇಲ್ಲಿ ಹೆಣ್ಮಕ್ಕಳ ಕಾಯಿ ಇಡೂದಿಲ್ಲ."

"ಇಡ್ಲಿಲ್ಲ ಅಂತ್ಲೇ ಲೆಕ್ಕ ತಪ್ಪಿದ್ದು ಅಣ್ಣಾ. ಆರರಲ್ಲಿ ಇಬ್ಬರಿಗೆ ಬಂತು, ಗಂಡಸರ ದೋಷ ಅಂತ ನಂಬಿಕೊಂಡು ಕೂತೆವು. ಖರೆ ಲೆಕ್ಕ ಒಂಬತ್ತರಲ್ಲಿ ನಾಲ್ಕು. ಅಪ್ಪ, ಚಿಕ್ಕಪ್ಪ, ದೇವಿ ಅತ್ತೆ, ನಾನು. ಅತ್ತೆ ಅಂಕೋಲದಲ್ಲಿ ಭಾರತಿ ಆಗಿ ಸತ್ತಳು ಅಂತ ಇಲ್ಲಿ ಯಾರಿಗೂ ಬರೋಬರ್ ನೆನಪೇ ಉಳೀಲಿಲ್ಲ."

"ನೀ ಕೊಟ್ಟ ಹೆಣ್ಣು. ನಿನ್ನ ಕುಲ ಈಗ ಅವರ್ಸಾದ್ದು."

"ಹೌದಾ? ನನ್ನ ಅಂಗಳದ ಈಶಾಡ ಎಲ್ಲಿಂದ ಬಂತು? ಇಗೋ, ಹಿತ್ತಲಿನ ಈ ಮಾವಿನ ಮರದ ಕಸಿ. ನೀನೇ ಕಟ್ಟಿ ಕೊಟ್ಟದ್ದು. ಅವರ್ಸಾದ ಮಣ್ಣು, ಅವರ್ಸಾದ ನೀರು, ಇಪ್ಪತ್ತು ವರ್ಷ ಆಯ್ತು. ಅದು ಯಾವ ಹಣ್ಣು ಬಿಡ್ತದೆ ಹೇಳು."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರಣಿತಾ ಹೇಳಿದಳು: "ಈಶಾಡ."

"ಅಕ್ಕಿ ಮೇಲೆ ಹೆಸರು ಬದಲಿಸಿದ್ರು ಅಣ್ಣಾ. ರಕ್ತ ಬದಲಿಸ್ಲಿಲ್ಲ."

"ಮೂಲಪುರುಷ ಇಷ್ಟು ವರ್ಷ ನಮ್ಮನ್ನ ಕಾದಿದ್ದಾನೆ," ರಾಮನಾಥನ ದನಿ ಏರಿತು. "ಅಪ್ಪನ ವಯಸ್ಸು ದಾಟಿ ಮೂರು ವರ್ಷ ಆಯ್ತು ನಂಗೆ. ತಪ್ಪದೆ ಕಾಯಿ ಇಟ್ಟದ್ದಕ್ಕೇ ನಾ ಉಳಿದದ್ದು."

"ಅಪ್ಪನೂ ತಪ್ಪದೆ ಇಟ್ಟಿದ್ದ."

ಆಡಿದ ಮೇಲೆ ರಂಜನಾ ಕಲ್ಲಿಗೆ ಇನ್ನೊಮ್ಮೆ ಕೈಮುಗಿದಳು. ಆದರೂ ಬಿಡಲಿಲ್ಲ.

"ದೇವರನ್ನ ಬೈತಾ ಇಲ್ಲ ನಾನು. ಅವನ ಸಿಟ್ಟೂ ಅಲ್ಲ ಇದು. ತೆಂಗಿನ ಮಡಲು ಹೆಣೆಯುವಾಗ ಅಜ್ಜಿ ಹಿಂದೆ ಕೂತು ನಮ್ಮ ತಪ್ಪು ಗರಿ ಎಳೆದು ಸರಿ ಮಾಡ್ತಿದ್ಲು, ನೆನಪಿದೆಯಾ? ನಮ್ಮ ಮೈಯೊಳಗೂ ಹಂಗೆ ತಪ್ಪು ತಿದ್ದುವವರು ಇದ್ದಾರೆ. ನಮ್ಮ ಮನೆತನದಲ್ಲಿ ತಿದ್ದುವವರ ಕಣ್ಣೇ ಮಂಜು. ಅಷ್ಟೇ. ಅದು ಪಾಪ ಅಲ್ಲ, ಶಾಪ ಅಲ್ಲ. ಗೊತ್ತಾದ್ರೆ ಕಾಯೂದಕ್ಕೆ ಡಾಕ್ಟ್ರು ಇದ್ದಾರೆ. ಮೂಲಪುರುಷನಿಗೆ ಕಾಯಿ ಇಡು, ಕರುಳಿಗೆ ಕ್ಯಾಮೆರಾನೂ ಇಡು. ಯಾರು ಬೇಡ ಅಂದ್ರು?"

"ಮತ್ತೆ ಇವಳ ಲಗ್ನ? ಊರಿಗೆಲ್ಲ ಗೊತ್ತಾದ್ರೆ ಇವಳನ್ನ ಯಾರು ಮಾಡಿಕೊಳ್ತಾರೆ?"

ಪ್ರಣಿತಾ ಬಾಗಿಲು ಬಿಟ್ಟು ಬಂದು ತನ್ನ ಕಾಯಿಯ ಹಿಂದೆ ನಿಂತಳು. "ಅಪ್ಪಾ, ಗೊತ್ತಾದ ಮೇಲೆ ಬೇಡ ಅನ್ನುವವರು ನಂಗೂ ಬೇಡ. ಮುಚ್ಚಿಟ್ಟು ಮದುವೆ ಮಾಡಿ, ಆಮೇಲೆ ಅಲ್ಲಿ ನಾನೂ ಬೇರೆ ಹೆಸರಲ್ಲಿ ಸಾಯಬೇಕಾ?" ಅಲ್ಲಿಂದಲೇ ಅಪ್ಪನ ಮುಖ ನೋಡಿದಳು. "ಮತ್ತೆ ನೀವು ಒಂದು ತಿಂಗಳಿಂದ ಬೆಳಿಗ್ಗೆ ಸಂಜೆ ಮುರುಗಲ ಪಾನಕ ಕುಡೀತಾ ಇದ್ದೀರಲ್ಲ, ಅದೆಂತಕ್ಕೆ? ಬಳಚು ತಂದದ್ದೇ ಇಲ್ಲ ಮನೆಗೆ."

ರಾಮನಾಥ ತಲೆ ತಗ್ಗಿಸಿದ. ರಂಜನಾ ಹತ್ತಿರ ಹೋಗಿ ಅವನ ಮುಂಗೈ ಹಿಡಿದಳು.

"ರಕ್ತ ಬೀಳ್ತದಾ ಅಣ್ಣಾ?"

"ಹೂಂ," ಎಂದ. ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದು, "ನಂಗೆ ಹೆದರಿಕೆ ಆಗ್ತದೆ ಬೊಮ್ಮಿ. ಅಪ್ಪನ್ನ ನೋಡಿದೆನಲ್ಲ," ಎಂದ.

"ನಂಗೂ ಆಗಿತ್ತು. ಹೆದರಿಕೊಂಡೇ ಹೋದೆ. ನೀನೂ ಹೆದರಿಕೊಂಡೇ ಬಾ. ನಾಳೆ ಬೆಳಿಗ್ಗೆ. ನಾ ಜೊತೆಗಿರ್ತೆ."

ಮರುದಿನ ಅಣ್ಣ ತಂಗಿ ಕಾರವಾರದ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದರು. ಔಷಧಿ ಕುಡಿದು ಮಾರನೆಯ ದಿನ ಕ್ಯಾಮೆರಾ ಬಿಟ್ಟಾಗ ರಾಮನಾಥನ ಕರುಳಿನಲ್ಲಿ ಮೂರು ಗಂಟು ಸಿಕ್ಕಿದವು. ಒಂದೂ ಕ್ಯಾನ್ಸರ್ ಆಗಿರಲಿಲ್ಲ. ಅದೇ ಕ್ಯಾಮೆರಾದ ದಾರಿಯಲ್ಲೇ ಮೂರನ್ನೂ ಕಿತ್ತು ತೆಗೆದರು, ಹೊಟ್ಟೆ ಕೊಯ್ಯುವ ಪ್ರಸಂಗವೇ ಬರಲಿಲ್ಲ. ಇನ್ನೊಂದೆರಡು ವರ್ಷ ಬಿಟ್ಟಿದ್ದರೆ ಬೇರೆ ಮಾತು ಆಡಬೇಕಾಗುತ್ತಿತ್ತು ಎಂದರು ವೈದ್ಯೆ. ರಾಮನಾಥ ಹೊರಗೆ ಬಂದು ತಂಗಿಯ ಹೆಗಲಿಗೆ ಹಣೆ ಹಚ್ಚಿ ಚಿಕ್ಕ ಮಕ್ಕಳ ಹಾಗೆ ಅತ್ತ. ಆಮೇಲೆ ಬಂದ ರಕ್ತದ ವರದಿಯಲ್ಲಿ ಅವನಿಗೂ ಅದೇ ಬದಲಾವಣೆ ಇತ್ತು.

ಅವನ ಮಗನಿಗೂ ಚಿಕ್ಕಪ್ಪನ ಮಕ್ಕಳಿಗೂ ಆ ಬದಲಾವಣೆ ಇರಲಿಲ್ಲ. ಪ್ರಣಿತಾಳಿಗೆ ಇತ್ತು. ಗಂಡಸರ ದೋಷ ಎಂಬ ಮಾತು ಅಂದಿಗೆ ಆ ಮನೆಯಿಂದ ಹೊರಟುಹೋಯಿತು. ಪ್ರಣಿತಾ ತಾನೇ ಹುಡುಗನ ಮನೆಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಒಂದು ವಾರ ಸುಮ್ಮನಿದ್ದು ಬೇಡ ಅಂದರು. ಅವಳು ಒಂದು ಸಂಜೆ ಅತ್ತಳು; ಮರುದಿನ ಕಾರವಾರದ ತನ್ನ ಕೆಲಸಕ್ಕೆ ಎಂದಿನ ಬಸ್ಸಿಗೇ ಹೋದಳು. ಸಿಟ್ಟಾದವನು ರಾಮನಾಥ: "ಅವರ ಮನೆ ಲೆಕ್ಕದಲ್ಲಿ ಎಷ್ಟು ಹೆಣ್ಮಕ್ಕಳು ಬಿಟ್ಟುಹೋಗಿದ್ದಾರೋ! ಮೊದಲು ಅದನ್ನ ಎಣಿಸಿ ಬರಲಿ!" ಜೀನ್ ಮಾತೆತ್ತಿದರೆ ಫೋನು ಇಡುತ್ತಿದ್ದ ಮನುಷ್ಯ ಈಗ ವಿದ್ಯುತ್ ಕೇಂದ್ರದ ಊಟದ ಹೊತ್ತಿನಲ್ಲಿ ಸಿಕ್ಕಿದವರಿಗೆಲ್ಲ ಜೀನ್ ಪಾಠ ಹೇಳುತ್ತಾನೆ. ಅವನು ಊಟದ ಡಬ್ಬಿ ತೆರೆದರೆ ಜನ ಬೇರೆ ಬೆಂಚು ಹುಡುಕುತ್ತಾರೆ ಅನ್ನುವುದು ಬೇರೆ ವಿಷಯ.

ಈ ವರ್ಷದ ಮಾಘ ಹುಣ್ಣಿಮೆಗೆ ಕದ್ರಾದ ಕಲ್ಲಿನ ಮುಂದೆ ಏಳು ಕಾಯಿ ಇದ್ದವು. ದೇವಿ ಅತ್ತೆಯ ಕಾಯಿಯನ್ನು ರಾಮನಾಥನೇ ಇಟ್ಟ. ಇಡುವಾಗ ಎರಡೂ ಹೆಸರು ಹೇಳಿದ: ಕದ್ರಾದ ದೇವಿ, ಅಂಕೋಲದ ಭಾರತಿ. ರಂಜನಾ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅವಳ ತಪಾಸಣೆ ಹಿಂದಿನ ವಾರವಷ್ಟೇ ಆಗಿತ್ತು. ಕರುಳು ಶುದ್ಧವಾಗಿತ್ತು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮಗೂ ಒಂದು ಮಾತು. ಕರುಳಿನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಅದು ಮನೆತನದಿಂದ ಬಂದದ್ದಲ್ಲ. ವಯಸ್ಸು ಏರಿದಂತೆ, ತಂಬಾಕು ಮದ್ಯದ ಸಹವಾಸದಿಂದ, ಜೀನ್‌ನಲ್ಲಿ ತಪ್ಪುಗಳು ಸೇರುತ್ತ ಯಾರಿಗಾದರೂ ಬರಬಹುದು. ಆದ್ದರಿಂದ ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ರೀತಿ ಕೆಲವು ವಾರಗಳಿಂದ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ಕಡಿಮೆಯಾಗಿ ಸುಸ್ತು ಹಿಡಿದರೆ, ಬಳಚಿನ ಮೇಲೆ ಹಾಕಬೇಡಿ. ಮೂಲವ್ಯಾಧಿ ಎಂದು ನೀವೇ ತೀರ್ಮಾನ ಕೊಡಬೇಡಿ. ಮುರುಗಲ ಪಾನಕ ಕುಡಿಯಿರಿ, ರುಚಿಯಾಗಿದೆ. ಕುಡಿದು ಲೋಟ ತೊಳೆದಿಟ್ಟು ಆಸ್ಪತ್ರೆಗೆ ಹೊರಡಿ. ಮನೆತನದಲ್ಲಿ ಐವತ್ತರೊಳಗೆ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ, ನಿಮಗೆ ಏನೂ ತೊಂದರೆ ಇಲ್ಲದಿದ್ದರೂ ವೈದ್ಯರಿಗೆ ತಿಳಿಸಿ.

ನಾಚಿಕೆ ನಮ್ಮನ್ನು ಕೊಂದದ್ದು ಸಾಕು. ಇಂದು ಒಂದು ಹಾಳೆ ತೆಗೆದುಕೊಳ್ಳಿ. ಅಪ್ಪನ ಕಡೆ, ಅಮ್ಮನ ಕಡೆ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತು ಎಂದು ಬರೆಯಿರಿ. ಬರೆದದ್ದನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತೋರಿಸಿ. ಕೊಟ್ಟ ಊರಿನಲ್ಲಿ, ಬದಲಾದ ಹೆಸರಿನಲ್ಲಿ ಸದ್ದಿಲ್ಲದೆ ತೀರಿಹೋದ ಒಬ್ಬ ಅತ್ತೆ, ಒಬ್ಬ ಚಿಕ್ಕಮ್ಮ ನಿಮ್ಮ ಮನೆಯಲ್ಲೂ ಇರಬಹುದು. ಪಟ್ಟಿಯನ್ನು ಅವಳಿಂದಲೇ ಶುರು ಮಾಡಿ. ಹುಟ್ಟಿದ ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರಿನಿಂದ.